ಕೆಂಪು ವೈರು ಎಲ್ಲಿಗೆ ಸೇರಬೇಕು

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತಾದರೂ, ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರನ್ನೋ ಪದ್ಮಿನಿಯನ್ನೋ ಜತನದಿಂದ ಉಳಿಸಿಕೊಂಡವರಿಗೆ ‘ಪಾಯಿಂಟ್’ ಸವೆಯುವ ಕಾಟ ತಪ್ಪಿದ್ದಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಈ ಪುಟ್ಟ ಲೋಹದ ಜೋಡಿಯು ಕಾಯಿಲ್‌ನಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ಕಡಿದಾಗಲೇ 12 ವೋಲ್ಟಿನಿಂದ ಹಲವು ಸಾವಿರ ವೋಲ್ಟುಗಳು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಹೀಗೆ ಕಡಿದು ಕಡಿದು ಪಾಯಿಂಟಿನ ಮುಖ ಸುಟ್ಟು ಗುಳಿ ಬೀಳುತ್ತದೆ. ಅದರ ಬದಲಿಗೆ, ತಿರುಗುವ ಆಯಸ್ಕಾಂತವನ್ನು ಗುರುತಿಸಿ ಟ್ರಾನ್ಸಿಸ್ಟರಿನಿಂದ ವಿದ್ಯುತ್ತನ್ನು ಕಡಿಯುವ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲನ್ನು ಕೂರಿಸುವುದುಂಟು.

ಇಂಥ ಮಾಡ್ಯೂಲ್ ಸುಟ್ಟಾಗ ಬೈಗುಳ ತಿನ್ನುವುದು ಮಾಡ್ಯೂಲೇ ಆದರೂ, ತಪ್ಪು ಬಹುಮಟ್ಟಿಗೆ ವೈರಿಂಗಿನದು, ಅದರಲ್ಲೂ ಕೆಂಪು ವೈರಿನದು. ಸಾಮಾನ್ಯವಾಗಿ ಕಪ್ಪು ವೈರು ಕಾಯಿಲ್‌ನ ಋಣ ತುದಿಗೆ ಸೇರುತ್ತದೆ, ಅದರಲ್ಲಿ ಗೊಂದಲವಿಲ್ಲ. ಕೆಂಪು ವೈರಿಗೆ ಮಾತ್ರ ಕೀಲಿ ‘ಆನ್’ ಆಗಿರುವಾಗಲೂ ಸ್ಟಾರ್ಟರ್ ತಿರುಗುವಾಗಲೂ ಕರೆಂಟು ಸಿಗಲೇಬೇಕು. ರೇಡಿಯೋಗೆ ಹೋಗುವ ಲೈನಿಗೆ ಸೇರಿಸಿದರೆ ಸ್ಟಾರ್ಟರ್ ತಿರುಗುವಾಗ ಅದು ಸತ್ತುಹೋಗಿ, ಕೀಲಿ ಬಿಟ್ಟ ಕ್ಷಣದಲ್ಲಷ್ಟೇ ಎಂಜಿನ್ ಕೆಮ್ಮುತ್ತದೆ. ಬ್ಯಾಲಸ್ಟ್, ಅಂದರೆ ಕಾಯಿಲ್ ಬಿಸಿಯಾಗದಂತೆ ವೋಲ್ಟೇಜ್ ಇಳಿಸುವ ರೋಧಕ, ಇರುವ ಕಾರುಗಳಲ್ಲಿ ಅದರ ಆಚೆಗೆ ಸೇರಿಸಿದರೆ ಮಾಡ್ಯೂಲಿಗೆ ಪೂರಾ 12 ವೋಲ್ಟು ದಕ್ಕುವುದಿಲ್ಲ. ನೇರ ಬ್ಯಾಟರಿಗೇ ಕೊಟ್ಟರಂತೂ ಕೀಲಿ ತೆಗೆದ ಮೇಲೂ ಅದು ಜೀವಂತವಾಗಿಯೇ ಇರುತ್ತದೆ. ಆದುದರಿಂದ ಟೆಸ್ಟ್ ಲ್ಯಾಂಪಿನಿಂದ ಕೀಲಿಯ ಎರಡೂ ಸ್ಥಾನಗಳಲ್ಲಿ ಪರೀಕ್ಷಿಸಿ ಸರಿಯಾದ ಲೈನನ್ನು ಗುರುತಿಸಿ, ಬ್ಯಾಟರಿಯ ಋಣ ತುದಿಯನ್ನು ಕಳಚಿದ ಬಳಿಕವೇ ವೈರಿಗೆ ಕೈ ಹಾಕತಕ್ಕದ್ದು. 3 ಓಮ್ ರೋಧದ ಕಾಯಿಲ್ ಸುಮಾರು 4 ಆಂಪಿಯರ್ ಎಳೆಯುವುದರಿಂದ, ಹಳೆಯ ಸ್ವಿಚ್ ಸವೆದಿದ್ದರೆ ಬ್ಯಾಟರಿಯಿಂದ ಹೊಸ ಲೈನೊಂದನ್ನು ರಿಲೇ ಮೂಲಕ ತಂದು, ಕೀಲಿಯ ವೈರನ್ನು ಆ ರಿಲೇ ಎಬ್ಬಿಸಲಷ್ಟೇ ಬಳಸುವುದು ಮೇಲು. ಇಲ್ಲಿ ಫ್ಯೂಸ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು, ಏಕೆಂದರೆ ಅದು ಕಾಯುವುದು ಮುಖ್ಯವಾಗಿ ವೈರನ್ನು.

ಡಿಸ್ಟ್ರಿಬ್ಯೂಟರ್ ತಳದ ತುಕ್ಕನ್ನು ಉಜ್ಜಿ ಅರ್ತ್ ಗಟ್ಟಿಮಾಡದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಬ್ಯಾಟರಿಯ ಧನ ತುದಿಯೇ ಬಾಡಿಗೆ ಸೇರಿರುವ ತೀರ ಹಳೆಯ ಕಾರುಗಳಿಗೆ ಬೇರೆಯದೇ ಮಾಡ್ಯೂಲ್ ಬೇಕು. ದೇವರಾಯನದುರ್ಗದ ಏರಿನಲ್ಲಿ ನಿಧಾನ ಹತ್ತುವಾಗ ಬಾನೆಟ್ಟಿನೊಳಗೆ ಬಿಸಿಗಾಳಿ ಕಟ್ಟಿಕೊಳ್ಳುವುದರಿಂದ ವೈರು ಎಕ್ಸಾಸ್ಟ್ ಕೊಳವೆಯಿಂದ ದೂರವಿರಬೇಕು, ತಗಡಿನ ತೂತು ದಾಟುವಲ್ಲಿ ರಬ್ಬರ್ ಗ್ರೋಮೆಟ್ ಇರಬೇಕು. ಗುಬ್ಬಿಯ ತೆಂಗಿನ ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಇಲಿಯ ಹಲ್ಲಿಗೂ ಸಿಗದಂತೆ ಕೊಳವೆ ತೊಡಿಸುವುದು ಜಾಣತನ. ಬರಿಯ ತಾಮ್ರದೆಳೆಯ ಪ್ಲಗ್ ವೈರುಗಳು ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ ಮಾಡ್ಯೂಲ್ ದಿಕ್ಕೆಡಬಹುದಾದ್ದರಿಂದ, ರೋಧವುಳ್ಳ ಇಂಗಾಲದೆಳೆಯ ವೈರುಗಳನ್ನೇ ಹಾಕುವುದು ವಾಡಿಕೆ.

ಎಂಜಿನ್ ನಿಲ್ಲಿಸಿ ಕೀಲಿಯನ್ನು ‘ಆನ್’ನಲ್ಲೇ ಬಿಟ್ಟರೆ ಕಾಯಿಲ್ ಕಾದು ಮಾಡ್ಯೂಲನ್ನೂ ಸುಡಬಲ್ಲದು. ಕೆಟ್ಟ ಮಾಡ್ಯೂಲನ್ನು ರಸ್ತೆಬದಿಯಲ್ಲಿ ಬಿಚ್ಚಿ ಸರಿಮಾಡಲಾಗದ ಕಾರಣ, ಕಳಚಿದ ಹಳೆಯ ಪಾಯಿಂಟ್ ಸೆಟ್ಟನ್ನೂ ಕಂಡೆನ್ಸರನ್ನೂ ಎಸೆಯದೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಇಟ್ಟುಕೊಂಡರೆ, ಕುಣಿಗಲ್ಲಿನಾಚೆ ನಡುರಾತ್ರಿ ನಿಂತ ಕಾರನ್ನು ಒಂದು ಸ್ಕ್ರೂಡ್ರೈವರಿನಿಂದ ಮತ್ತೆ ಹೊರಡಿಸಬಹುದು.