ಕಿರು ಎಸ್‌ಯುವಿ ಖರೀದಿಸುವ ಕುಟುಂಬಗಳಿಗೆ ಗೇರ್ ವ್ಯವಸ್ಥೆಯ ಆಯ್ಕೆ ಕುರಿತು ಮಾಹಿತಿ (ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು)

ನಾಲ್ಕು ಮೀಟರ್ ಮೀರದ ಉದ್ದ, ನೆಲದಿಂದ ತುಸು ಹೆಚ್ಚಿನ ಎತ್ತರ ಹಾಗೂ ಐದು ಜನರಿಗೆ ಆಸನವುಳ್ಳ ಕಿರು ಎಸ್‌ಯುವಿ ವಾಹನಗಳು ಮಧ್ಯಮ ವರ್ಗದ ಕುಟುಂಬಗಳ ಕೈಗೆಟಕುವ ಬೆಲೆಯಲ್ಲಿ ದೊರೆಯುತ್ತಿವೆ. ಈ ಉದ್ದದ ಮಿತಿಯೊಳಗಿದ್ದು, ಎಂಜಿನ್ ಸಾಮರ್ಥ್ಯವು ಪೆಟ್ರೋಲಿನಲ್ಲಿ 1200 ಸಿಸಿ, ಡೀಸೆಲ್‌ನಲ್ಲಿ 1500 ಸಿಸಿ ಮೀರದ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ. ಒಂದೇ ಮಾದರಿಯ ವಾಹನವು ಎರಡು ಅಥವಾ ಮೂರು ಬಗೆಯ ಗೇರ್ ವ್ಯವಸ್ಥೆಯಲ್ಲಿ ಮಾರಾಟಕ್ಕಿರುವುದರಿಂದ, ಖರೀದಿದಾರರು ಮುಂಗಡ ಹಣ ಪಾವತಿಸುವ ಮುನ್ನ ಅವುಗಳ ವ್ಯತ್ಯಾಸವನ್ನು ಅರಿತಿರುವುದು ಸೂಕ್ತ. ಬಣ್ಣವನ್ನು ಆರಿಸಲು ಒಂದು ದಿನ ವ್ಯಯಿಸುವ ಕುಟುಂಬವು ಹತ್ತು ವರ್ಷ ಬಳಸಬೇಕಾದ ಗೇರ್ ಪೆಟ್ಟಿಗೆಗೆ ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕು.

ಕೈಯಿಂದ ಗೇರ್ ಬದಲಿಸುವ ಮ್ಯಾನ್ಯುಯಲ್ ವ್ಯವಸ್ಥೆಯು ಎಲ್ಲರಿಗೂ ಪರಿಚಿತವಾದುದು. ಬೆಲೆ ಕಡಿಮೆ, ದುರಸ್ತಿ ಬಲ್ಲ ಮೆಕ್ಯಾನಿಕ್‌ಗಳು ಬೀರೂರು, ಅಜ್ಜಂಪುರದಂತಹ ಊರುಗಳಲ್ಲಿಯೂ ದೊರೆಯುತ್ತಾರೆ. ಬ್ಯಾಟರಿ ಖಾಲಿಯಾದಾಗ ನಾಲ್ವರು ತಳ್ಳಿದರೆ ಸಾಮಾನ್ಯವಾಗಿ ಎಂಜಿನ್ ಚಾಲೂ ಆಗುತ್ತದೆ. ಆಟೋಮ್ಯಾಟಿಕ್ ವಾಹನಗಳಲ್ಲಿ ಈ ಅನುಕೂಲವಿರುವುದಿಲ್ಲ. ತೋಟದ ಮನೆಯಲ್ಲಿ ವಾಸಿಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಕಡಿಮೆ ಬೆಲೆಯ ಆಟೋಮ್ಯಾಟಿಕ್ ಎಂದು ಪ್ರಚಾರದಲ್ಲಿರುವುದು ಎ.ಎಂ.ಟಿ. ವ್ಯವಸ್ಥೆ. ಭಾರತದಲ್ಲಿ ಇದು 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಮೂಲಕ ಜನಸಾಮಾನ್ಯರಿಗೆ ಪರಿಚಯವಾಯಿತು. ಟಾಟಾ ನೆಕ್ಸಾನ್‌ನಲ್ಲಿ 2018ರಲ್ಲಿ, 2021ರಲ್ಲಿ ಬಂದ ಟಾಟಾ ಪಂಚ್ ಹಾಗೂ 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ಗಳಲ್ಲಿ ಆರಂಭದಿಂದಲೇ ದೊರೆಯಿತು. (ಇಲ್ಲಿ ವಾಹನಗಳ ಹೆಸರುಗಳನ್ನು ಉದಾಹರಣೆಗಾಗಿ ಮಾತ್ರ ನೀಡಲಾಗಿದ್ದು, ಇದು ಶಿಫಾರಸು ಅಲ್ಲ.) ಈ ವ್ಯವಸ್ಥೆಯ ಬಗ್ಗೆ ಸಾರ್ವಜನಿಕರಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಇದರೊಳಗೆ ಇರುವುದು ಮ್ಯಾನ್ಯುಯಲ್ ವಾಹನದ ಗೇರ್ ಪೆಟ್ಟಿಗೆಯೇ, ಅದೇ ಬಗೆಯ ಕ್ಲಚ್ ಪ್ಲೇಟೇ. ಚಾಲಕರ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಗಣಕ ನಿಯಂತ್ರಿತ ಯಂತ್ರವು ಮಾಡುತ್ತದೆ, ಅಷ್ಟೆ. ಆದ್ದರಿಂದ ಕ್ಲಚ್ ಸವೆಯುವುದು ತಪ್ಪುವುದಿಲ್ಲ. ಗೇರ್ ಬದಲಾಗುವಾಗ ಕ್ಷಣಕಾಲ ಎಳೆತ ನಿಂತು ತಲೆ ಮುಂದಕ್ಕೆ ವಾಲಿದಂತಾಗುವುದು ಇದರ ಸ್ವಭಾವವೇ ಹೊರತು ದೋಷವಲ್ಲ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವಾಗ ಈ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಟಾರ್ಕ್ ಕನ್ವರ್ಟರ್ ವ್ಯವಸ್ಥೆಯಲ್ಲಿ, ವಾಹನವು ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಬಲವು ಎಣ್ಣೆಯ ಮೂಲಕ ಗೇರ್ ಪೆಟ್ಟಿಗೆಯನ್ನು ತಲುಪುತ್ತದೆ. ಉಜ್ಜಿ ಸವೆಯುವ ಕ್ಲಚ್ ಪ್ಲೇಟ್ ಆ ಸ್ಥಾನದಲ್ಲಿ ಇರುವುದಿಲ್ಲವಾದ್ದರಿಂದ ಏರಿನಲ್ಲಿ ಹೊರಡುವುದು ಸುಗಮ. ಬೆಲೆ ಮತ್ತು ಇಂಧನದ ಖರ್ಚು ಸ್ವಲ್ಪ ಹೆಚ್ಚು. 2022ರ ಮಾರುತಿ ಬ್ರೆಝಾದಲ್ಲಿ ಆರು ಗೇರುಗಳ ಈ ವ್ಯವಸ್ಥೆ ಬಂದಿತು. ಸಿ.ವಿ.ಟಿ.ಯಲ್ಲಿ ಹಲ್ಲುಚಕ್ರಗಳ ಹಂತಗಳಿಗೆ ಬದಲಾಗಿ ಎರಡು ರಾಟೆಗಳು ಮತ್ತು ಉಕ್ಕಿನ ಪಟ್ಟಿ ಇರುತ್ತವೆ. ಊರೊಳಗೆ ಬಹಳ ನಯವಾಗಿ ಸಾಗುವ ಇದು, ಪೂರ್ಣ ಭಾರದೊಂದಿಗೆ ಘಟ್ಟ ಹತ್ತುವಾಗ ಎಂಜಿನ್ನಿನ ಸದ್ದನ್ನು ಏರಿಸುತ್ತದೆ. ಎರಡು ಕ್ಲಚ್‌ಗಳ ಡಿ.ಸಿ.ಟಿ.ಯು ವೇಗವಾದುದು, ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಇರುವಂಥದ್ದು ತೆವಳುವ ಸಂಚಾರದಲ್ಲಿ ಬಿಸಿಯಾಗುವ ಸಂಭವವಿದೆ.

ಸ್ಥಳೀಯ ರಸ್ತೆಗಳ ವಿಷಯಕ್ಕೆ ಬಂದರೆ, ಕಡೂರು ಸೀಮೆಯ ಬಯಲಿನಲ್ಲಿ ತುಮಕೂರು–ಶಿವಮೊಗ್ಗ ಹೆದ್ದಾರಿಯ ಪ್ರಯಾಣಕ್ಕೆ ಯಾವ ವ್ಯವಸ್ಥೆಯಾದರೂ ಸಾಕಾಗುತ್ತದೆ. ಆದರೆ ಅದೇ ಕುಟುಂಬವು ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹೋಗುವುದುಂಟು. ತರೀಕೆರೆಯು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಕೆಮ್ಮಣ್ಣುಗುಂಡಿಯು 1434 ಮೀಟರ್ ಎತ್ತರದಲ್ಲಿದೆ. ಐದು ಜನರು ಮತ್ತು ಸಾಮಾನುಗಳೊಂದಿಗೆ ಈ ಏರನ್ನು ಹತ್ತುವಾಗ ತಿರುವಿನಲ್ಲಿ ಎದುರಿನ ವಾಹನಕ್ಕಾಗಿ ನಿಲ್ಲಬೇಕಾಗಿ ಬರುತ್ತದೆ. ಆಗ ಬ್ರೇಕ್ ಹಿಡಿಯದೆ, ಆಕ್ಸಿಲರೇಟರನ್ನು ಅರೆಬರೆ ಒತ್ತಿ ವಾಹನವನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸವು ಎ.ಎಂ.ಟಿ. ವಾಹನದ ಕ್ಲಚ್‌ಗೆ ಅತ್ಯಂತ ಹಾನಿಕರ. ಎಡಗಾಲಿಗೆ ಕ್ಲಚ್ ಪೆಡಲ್ ಇಲ್ಲದ ಕಾರಣ ಸುಟ್ಟ ವಾಸನೆ ಬರುವವರೆಗೂ ಚಾಲಕರಿಗೆ ಇದರ ಅರಿವಾಗುವುದಿಲ್ಲ. ಹ್ಯಾಂಡ್ ಬ್ರೇಕ್ ಬಳಸಬೇಕು. ವಾಹನವು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಸೌಲಭ್ಯ ತಾವು ಆರಿಸಿದ ಆವೃತ್ತಿಯಲ್ಲಿ ಇದೆಯೇ ಎಂಬುದನ್ನು ಲಿಖಿತ ವಿವರದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಮಾರಾಟಗಾರರ ಬಾಯಿಮಾತು ಸಾಲದು.

ಇಳಿಯುವ ದಾರಿ ಇನ್ನೂ ಮುಖ್ಯ. ಲಿವರನ್ನು ‘ಡಿ’ಯಲ್ಲಿಯೇ ಬಿಟ್ಟು ಕೇವಲ ಬ್ರೇಕಿನಿಂದ ಘಟ್ಟ ಇಳಿದರೆ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳಬಹುದು. ಎ.ಎಂ.ಟಿ. ಸೇರಿದಂತೆ ಬಹುತೇಕ ಆಟೋಮ್ಯಾಟಿಕ್‌ಗಳಲ್ಲಿ ಕೆಳಗಿನ ಗೇರನ್ನು ಹಿಡಿದಿಡಲು ‘ಎಂ’ ಅಥವಾ ‘ಎಲ್’ ಸ್ಥಾನವಿರುತ್ತದೆ. ಹತ್ತುವಾಗ ಬಳಸುವಂತಹ ಗೇರನ್ನೇ ಇಳಿಯುವಾಗಲೂ ಬಳಸತಕ್ಕದ್ದು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಪ್ರಯತ್ನವನ್ನು ಯಾರೂ ಮಾಡಬಾರದು.

ಅಜ್ಜಂಪುರ ಭಾಗದ ಕಪ್ಪು ಮಣ್ಣಿನ ಹೊಲದ ದಾರಿಗಳು ಮಳೆಗಾಲದಲ್ಲಿ ಬೇರೆಯದೇ ಪ್ರಶ್ನೆಯನ್ನೊಡ್ಡುತ್ತವೆ. ಎಸ್‌ಯುವಿ ಎಂಬ ಹೆಸರಿದ್ದರೂ ಈ ಕಿರು ವಾಹನಗಳಲ್ಲಿ ಹೆಚ್ಚಿನವು ಮುಂದಿನ ಎರಡು ಚಕ್ರಗಳಿಂದ ಮಾತ್ರ ಚಲಿಸುತ್ತವೆ. ಕೆಸರಿನಲ್ಲಿ ಹೂತರೆ ಗೇರ್ ವ್ಯವಸ್ಥೆ ಯಾವುದಾದರೂ ಟ್ರ್ಯಾಕ್ಟರೇ ಗತಿ. ಆಟೋಮ್ಯಾಟಿಕ್ ವಾಹನವನ್ನು ಕೆಟ್ಟ ಮೇಲೆ ದೂರ ಎಳೆಸಬೇಕಾದರೆ ಮುಂದಿನ ಚಕ್ರಗಳನ್ನು ನೆಲದಿಂದ ಮೇಲೆತ್ತಿ ಸಾಗಿಸಬೇಕು; ಹಾಗೆಯೇ ಎಳೆದರೆ ಗೇರ್ ಪೆಟ್ಟಿಗೆ ಹಾಳಾಗುವ ಸಾಧ್ಯತೆಯಿದೆ.

ಮನೆಯಲ್ಲಿ ಯಾರು ಚಾಲನೆ ಮಾಡುತ್ತಾರೆ ಎಂಬುದನ್ನೂ ಪರಿಗಣಿಸಬೇಕು. ಮೊಣಕಾಲು ನೋವಿನಿಂದ ಬಳಲುವ ಹಿರಿಯರಿಗೆ, ಹೊಸದಾಗಿ ಕಲಿಯುವ ಗೃಹಿಣಿಯರಿಗೆ ಕ್ಲಚ್ ಪೆಡಲ್ ಇಲ್ಲದ ವಾಹನವು ಸ್ವಾತಂತ್ರ್ಯವನ್ನೇ ನೀಡಬಲ್ಲದು. ರೈಲ್ವೆ ಗೇಟಿನಲ್ಲಿ ಸಾಲುಗಟ್ಟಿ ನಿಂತು ಹೆಜ್ಜೆ ಹೆಜ್ಜೆಗೆ ಮುಂದೆ ಸಾಗುವಾಗ ಇದರ ಬೆಲೆ ತಿಳಿಯುತ್ತದೆ. ರಾತ್ರಿ ರೋಗಿಯನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕಾದಾಗ ಮನೆಯಲ್ಲಿ ಇಬ್ಬರು ಚಾಲನೆ ಬಲ್ಲವರಿರುವುದು ಹೆಚ್ಚುವರಿ ಖರ್ಚಿಗಿಂತ ದೊಡ್ಡ ವಿಷಯ. ನಮ್ಮಲ್ಲಿ ಲಘು ಮೋಟಾರು ವಾಹನದ ಚಾಲನಾ ಪರವಾನಗಿಯು ಎರಡೂ ಬಗೆಗೆ ಅನ್ವಯಿಸುತ್ತದೆ. ಆದಾಗ್ಯೂ ಆಟೋಮ್ಯಾಟಿಕ್ ಮಾತ್ರ ಕಲಿತವರು ಅಭ್ಯಾಸವಿಲ್ಲದೆ ಮ್ಯಾನ್ಯುಯಲ್ ವಾಹನವನ್ನು ರಸ್ತೆಗಿಳಿಸುವುದು ಅಪಾಯಕರ.

ಕೊನೆಯದಾಗಿ ತೆರಿಗೆಯ ವಿಚಾರ. ಕರ್ನಾಟಕದಲ್ಲಿ ಕಾರುಗಳ ಆಜೀವ ತೆರಿಗೆಯು ವಾಹನದ ಬೆಲೆಯನ್ನು ಅವಲಂಬಿಸಿದ್ದು, 5 ಲಕ್ಷಕ್ಕಿಂತ ಹೆಚ್ಚಿದ್ದು 10 ಲಕ್ಷ ರೂ. ಮೀರದ ಬೆಲೆಗೆ ಶೇ. 14, 10 ಲಕ್ಷ ಮೀರಿ 20 ಲಕ್ಷದವರೆಗೆ ಶೇ. 17 ಇರುತ್ತದೆ. ಮಿತಿ ಮೀರಿದ ಭಾಗಕ್ಕಲ್ಲದೆ ಪೂರ್ಣ ಬೆಲೆಗೆ ಹೆಚ್ಚಿನ ದರ ಅನ್ವಯವಾಗುತ್ತದೆ. ಉದಾಹರಣೆಗೆ, ಮ್ಯಾನ್ಯುಯಲ್ ಆವೃತ್ತಿಯ ಬೆಲೆ 9,70,000 ರೂ. ಇದ್ದಲ್ಲಿ ತೆರಿಗೆ 1,35,800 ರೂ. ಅದರ ಆಟೋಮ್ಯಾಟಿಕ್ ಆವೃತ್ತಿಯು 60,000 ರೂ. ಹೆಚ್ಚಾಗಿ 10,30,000 ರೂ. ಆದಲ್ಲಿ ತೆರಿಗೆ 1,75,100 ರೂ. ಅರವತ್ತು ಸಾವಿರವೆಂದು ಕಂಡ ವ್ಯತ್ಯಾಸವು 99,300 ರೂ.ಗಳಾಗುತ್ತದೆ, ಉಪಕರ ಹಾಗೂ ವಿಮೆಯ ಹೆಚ್ಚಳ ಪ್ರತ್ಯೇಕ. ಬುಕಿಂಗ್‌ಗೆ ಮುನ್ನ ಎರಡೂ ಆವೃತ್ತಿಗಳ ತೆರಿಗೆ ಸಹಿತ ಒಟ್ಟು ಬೆಲೆಯನ್ನು ಲಿಖಿತವಾಗಿ ಪಡೆದು, ಚಾಲ್ತಿಯಲ್ಲಿರುವ ದರವನ್ನು ತರೀಕೆರೆಯ (ಕೆಎ–66) ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ತಾಳೆ ನೋಡಿಕೊಳ್ಳಬಹುದು.