ಟೊರೆಂಟ್ ಅಪ್‌ಲೋಡ್ ಯಾಕೆ ಸೊನ್ನೆಯಲ್ಲೇ ನಿಲ್ಲುತ್ತದೆ? ಬಾಗಿಲಿಲ್ಲದ ಮನೆ ಇಂಟರ್ನೆಟ್‌ನ ಕತೆ

ಉಡುಪಿ ಕಡೆಯ ಗೆಳೆಯನೊಬ್ಬನ ಅಪ್ಪ, ತಾಳಮದ್ದಳೆ ಎಲ್ಲೇ ಇರಲಿ, ಟೇಪ್‌ರೆಕಾರ್ಡರ್ ಹೊತ್ತು ಹೋಗುತ್ತಿದ್ದವರು. ಅವರು ಬಿಟ್ಟುಹೋದ ನೂರು ಕ್ಯಾಸೆಟ್‌ಗಳನ್ನು ಈತ ಒಂದು ಮಳೆಗಾಲ ಪೂರ್ತಿ ಕೂತು ಕಂಪ್ಯೂಟರಿಗೆ ಇಳಿಸಿದ. ಗಂಟೆಯ ಕ್ಯಾಸೆಟ್ಟಿಗೆ ಸುಮಾರು 600 ಎಂಬಿ, ಒಟ್ಟು 60 ಜಿಬಿ. ಕ್ಯಾಸೆಟ್‌ಗಳಿಗೆ ಆಗಲೇ ಬೂಸ್ಟು ಹಿಡಿದಿದೆ. ಹಾಗಾಗಿ ನಿಜವಾದ ಪ್ರತಿ ಇರುವುದು ಒಂದೇ ಹಾರ್ಡ್‌ಡಿಸ್ಕಿನಲ್ಲಿ.

ಪುಣೆಯಲ್ಲಿ ಅಣ್ಣ, ಮುಂಬೈಯಲ್ಲಿ ಚಿಕ್ಕಪ್ಪನ ಮಗ. ಮೂವರ ಮನೆಯಲ್ಲೂ ಒಂದೊಂದು ಪ್ರತಿ ಇದ್ದರೆ ಆಯ್ತು ಅಂತ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅದನ್ನೇ ಮನೆ ಸರ್ವರ್ ಮಾಡಿ, ಟೊರೆಂಟ್ ತಯಾರಿಸಿ ಇಬ್ಬರಿಗೂ ಕಳಿಸಿದ. ನಾಲ್ಕನೇ ದಿನ ನನಗೆ ಫೋನು: "ಮಾರಾಯಾ, ಇಲ್ಲಿ ಎಲ್ಲಾ ಸರಿ ಉಂಟು ಅಂತ ತೋರಿಸ್ತದೆ. ಒಂದು ಬೈಟೂ ಹೋಗುವುದಿಲ್ಲ!"

ಟೊರೆಂಟ್ ಅಂದ ಕೂಡಲೇ ಕದ್ದ ಸಿನಿಮಾ ನೆನಪಾಗುವವರಿಗೆ ಒಂದು ಮಾತು. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಈ ವಿಧಾನ ಕೇವಲ ಒಂದು ಸಾಗಣೆ ವ್ಯವಸ್ಥೆ. ಡೆಬಿಯನ್, ಉಬುಂಟು ಇವತ್ತಿಗೂ ತಮ್ಮ ಫೈಲುಗಳನ್ನು ಹೀಗೂ ಹಂಚುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನೂ ಟೊರೆಂಟ್ ಮೂಲಕ ಇಳಿಸಿಕೊಳ್ಳಬಹುದು. ಲಾರಿಯಲ್ಲಿ ಕಳ್ಳಮಾಲು ಸಾಗಿಸಿದರೆ ತಪ್ಪು ಲಾರಿಯದ್ದಲ್ಲ.

ಸರಿ, ಅಪ್‌ಲೋಡ್ ಯಾಕೆ ಆಗಲಿಲ್ಲ? ಇಂಥ ಸಮಸ್ಯೆ ಬಂದಾಗ ಎಲ್ಲರೂ ಮೊದಲು ಬೈಯುವುದು ಇಂಟರ್ನೆಟ್ ಕಂಪನಿಗೆ. ಬೈಯೋಣ, ಅದಕ್ಕೂ ಸಮಯ ಬರುತ್ತದೆ. ಆದರೆ ಮೊದಲು ಮನೆಯೊಳಗೆ ನೋಡಬೇಕು.

ಗೆಳೆಯನ ಸರ್ವರಿನಲ್ಲಿ ಟೊರೆಂಟ್ ಪಟ್ಟಿಯಲ್ಲೇನೋ ಇತ್ತು. ಫೈಲುಗಳನ್ನು ಮತ್ತೊಮ್ಮೆ ತಾಳೆ ನೋಡು ಅಂದೆ. ಬಂದದ್ದು ಶೇಕಡಾ ಸೊನ್ನೆ! ಕಾರಣ ಸರಳ. ರಾತ್ರಿ ಕರೆಂಟು ಹೋಗಿ ಬಂದಿದೆ, ಲ್ಯಾಪ್‌ಟಾಪ್ ಮತ್ತೆ ಶುರುವಾಗಿದೆ, ಯುಎಸ್‌ಬಿ ಡಿಸ್ಕ್ ಮಾತ್ರ ತಾನಾಗಿ ಜೋಡಣೆಯಾಗಿಲ್ಲ. ಸಾಫ್ಟ್‌ವೇರ್ ಖಾಲಿ ಫೋಲ್ಡರನ್ನು ನೋಡುತ್ತಾ ಕೂತಿದೆ. ಡಿಸ್ಕ್ ಜೋಡಿಸಿದ ಮೇಲೆ ಇನ್ನೊಂದು ತಕರಾರು: ಅನುಮತಿ ಇಲ್ಲ. ಲಿನಕ್ಸ್‌ನಲ್ಲಿ ಟ್ರಾನ್ಸ್‌ಮಿಷನ್‌ನಂಥ ಸಾಫ್ಟ್‌ವೇರ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ, ಸಾಮಾನ್ಯವಾಗಿ ತನ್ನದೇ ಒಂದು ಬಳಕೆದಾರ ಹೆಸರಿನಲ್ಲಿ ಓಡುತ್ತದೆ. ಫೋಲ್ಡರ್ ನಿಮ್ಮದು, ಓದಬೇಕಾದವನು ಇನ್ನೊಬ್ಬ. ಅವನಿಗೆ ಓದುವ ಹಕ್ಕು ಕೊಡದಿದ್ದರೆ ಫೈಲು ಕಣ್ಣೆದುರೇ ಇದ್ದರೂ ಇಲ್ಲದ ಹಾಗೆ. ಡಾಕರ್ ಬಳಸುವವರಿಗೆ ಇದೇ ರಗಳೆ ಬೇರೆ ರೂಪದಲ್ಲಿ ಬರುತ್ತದೆ. ಹೊರಗಿನ ಫೋಲ್ಡರಿನ ವಿಳಾಸ ಒಂದು, ಕಂಟೇನರ್ ಒಳಗೆ ಕಾಣುವ ವಿಳಾಸ ಇನ್ನೊಂದು.

ಎರಡನೆಯದು ಅವನೇ ಮಾಡಿಕೊಂಡ ಎಡವಟ್ಟು. ಮನೆಯವರ ಫೈಲಲ್ವಾ ಅಂತ ಟೊರೆಂಟ್ ತಯಾರಿಸುವಾಗ 'ಪ್ರೈವೇಟ್' ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದ. ಯಾರ ಹತ್ತಿರ ಯಾವ ಫೈಲಿದೆ ಎಂದು ತಿಳಿಯುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ಟ್ರ್ಯಾಕರ್ ಎಂಬ ಸರ್ವರನ್ನು ಕೇಳಿ, ಇಲ್ಲವೇ ಡಿಎಚ್‌ಟಿ ಎಂಬ ಬಾಯಿಂದ ಬಾಯಿಗೆ ಹರಡುವ ಜಾಲದಲ್ಲಿ ವಿಚಾರಿಸಿ. ಪ್ರೈವೇಟ್ ಅಂದರೆ ಎರಡನೇ ದಾರಿ ಬಂದ್. ಇವನು ಟ್ರ್ಯಾಕರನ್ನೂ ಹಾಕಿರಲಿಲ್ಲ! ಅಂದರೆ ಲಗ್ನಪತ್ರಿಕೆಯಲ್ಲಿ ಛತ್ರದ ಹೆಸರೇ ಇಲ್ಲ. ಆ ಟಿಕ್ ತೆಗೆದರೆ ಟೊರೆಂಟಿನ ಗುರುತೇ ಬದಲಾಗುತ್ತದೆ. ಹಾಗಾಗಿ ಹೊಸದಾಗಿ ತಯಾರಿಸಿ ಇಬ್ಬರಿಗೂ ಮತ್ತೆ ಕಳಿಸಬೇಕಾಯಿತು.

ಆಮೇಲೂ ಸೊನ್ನೆ.

ಈಗ ಬಾಗಿಲಿನ ವಿಷಯಕ್ಕೆ ಬರೋಣ. ಹೊರಗಿನವರು ನಿಮ್ಮ ಸರ್ವರಿಗೆ ಬರಬೇಕಾದರೆ ರೂಟರಿನಲ್ಲಿ ಒಂದು ಪೋರ್ಟ್ ತೆರೆದು, ಅದನ್ನು ಸರಿಯಾದ ಯಂತ್ರದ ಕಡೆ ತಿರುಗಿಸಬೇಕು. ಟ್ರಾನ್ಸ್‌ಮಿಷನ್ ತಾನಾಗಿ ಬಳಸುವುದು 51413. ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಬೇಕು. ಬಹಳ ಜನ ಒಂದನ್ನೇ ತೆರೆದು ಬಿಡುತ್ತಾರೆ. ಸರ್ವರಿನ ಫೈರ್‌ವಾಲ್ ಬೇರೆ ಇದೆ, ಅದಕ್ಕೂ ಹೇಳಬೇಕು. ಇನ್ನು ಕರೆಂಟು ಹೋಗಿ ಬಂದಾಗ ರೂಟರ್ ಲ್ಯಾಪ್‌ಟಾಪಿಗೆ ಬೇರೆ ಒಳವಿಳಾಸ ಕೊಟ್ಟಿತು ಅಂದ್ರೆ, ನೀವು ತಿರುಗಿಸಿದ ಪೋರ್ಟ್ ಈಗ ಟಿವಿಗೋ ಹೆಂಡತಿಯ ಫೋನಿಗೋ ಹೋಗಿ ಬಡಿಯುತ್ತಿರುತ್ತದೆ. ಸರ್ವರಿಗೆ ಖಾಯಂ ಒಳವಿಳಾಸ ಕಟ್ಟಿಡುವುದು ಅದಕ್ಕೇ.

ಇದನ್ನೆಲ್ಲ ಮಾಡಿದ. ಪೋರ್ಟ್ ಪರೀಕ್ಷೆ ಒತ್ತಿದರೆ ಮತ್ತೆ 'ಮುಚ್ಚಿದೆ'.

ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: ರೂಟರಿನ ಸ್ಟೇಟಸ್ ಪುಟದಲ್ಲಿ ಹೊರವಿಳಾಸ ಏನಿದೆ, ಮತ್ತು 'ನನ್ನ ಐಪಿ ಯಾವುದು' ಎಂದು ತೋರಿಸುವ ವೆಬ್‌ಸೈಟಿನಲ್ಲಿ ಏನು ಬರುತ್ತದೆ? ಎರಡೂ ಒಂದೇ ಆಗಿದ್ದರೆ ಅದೃಷ್ಟವಂತರು. ಅವನ ರೂಟರಿನಲ್ಲಿ 100.72 ಎಂದು ಶುರುವಾಗುವ ವಿಳಾಸ. ವೆಬ್‌ಸೈಟಿನಲ್ಲಿ ಬೇರೆಯೇ.

100.64ರಿಂದ 100.127ರವರೆಗಿನ ವಿಳಾಸ ಕಂಡರೆ ನೀವು ಸಿಜಿ-ನ್ಯಾಟ್ ಒಳಗಿದ್ದೀರಿ ಎಂದರ್ಥ. ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಡೋರ್ ನಂಬರು, ಒಳಗೆ ಹತ್ತು ಸಂಸಾರ. ಒಳಗಿನವರು ಹೊರಗೆ ಹೋಗಬಹುದು, ತಾವೇ ಬರೆದ ಕಾಗದಕ್ಕೆ ಉತ್ತರ ತರಿಸಿಕೊಳ್ಳಬಹುದು. ಗುರುತಿಲ್ಲದವನು ತಾನಾಗಿ ಬಂದು ಬಾಗಿಲು ಬಡಿದರೆ ಅವನನ್ನು ಯಾವ ಮನೆಗೆ ಕಳಿಸಬೇಕೆಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಕೋಣೆಯ ಬಾಗಿಲು, ಅಂದರೆ ರೂಟರ್, ಎಷ್ಟು ತೆರೆದಿಟ್ಟರೂ ಪ್ರಯೋಜನವಿಲ್ಲ. ಬೀದಿ ಬಾಗಿಲು ಕಂಪನಿಯ ಕೈಲಿದೆ.

ಯಾಕೆ ಹೀಗಾಯ್ತು? ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. ಏಷ್ಯಾ-ಪೆಸಿಫಿಕ್ ಪಾಲಿನಲ್ಲಿ ಅದೇ ಏಪ್ರಿಲ್ ಹೊತ್ತಿಗೆ ಉಳಿದದ್ದು ಕೊನೆಯ ಒಂದು ತುಂಡು, ಅದರ ಮೇಲೂ ರೇಷನ್. ಮರುವರ್ಷವೇ ವಠಾರದ ಒಳನಂಬರುಗಳಿಗೆಂದು 100.64ರ ಸರಣಿಯನ್ನು ಮೀಸಲಿಟ್ಟರು. ಇಂಟರ್ನೆಟ್ಟಿಗೆ ತಡವಾಗಿ ಬಂದ ನಮ್ಮಂಥವರಿಗೆ ಸಿಕ್ಕಿದ್ದು ಉಳಿದದ್ದು. ಕೊರತೆ ನಿಜ, ಕಂಪನಿಗಳು ಸೃಷ್ಟಿಸಿದ್ದಲ್ಲ. ಆದರೆ ಸಂಪರ್ಕ ಮಾರುವಾಗ ಇದನ್ನು ಯಾರಾದರೂ ಹೇಳುತ್ತಾರಾ? 'ನೂರು ಎಂಬಿಪಿಎಸ್, ಅನ್‌ಲಿಮಿಟೆಡ್' ಎಂಬ ಜಾಹೀರಾತಿನಲ್ಲಿ 'ನಿಮ್ಮ ಮನೆಗೆ ಹೊರಗಿನಿಂದ ಯಾರೂ ಬರಲಾರರು' ಎಂಬ ಸಾಲು ನಾನಂತೂ ನೋಡಿಲ್ಲ. ಸರ್ಕಾರವೂ ಹೀಗೇ ಯೋಚಿಸುತ್ತದೆ. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ವ್ಯಾಖ್ಯೆಯನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಅದು ಡೌನ್‌ಲೋಡಿನ ಕನಿಷ್ಠ ವೇಗ. ಅಪ್‌ಲೋಡಿಗೆ ಕನಿಷ್ಠವೇ ಇಲ್ಲ. ನಾವು ನೋಡುವವರು, ಕೊಡುವವರಲ್ಲ ಎಂದು ಮೊದಲೇ ತೀರ್ಮಾನವಾಗಿದೆ.

ಗೆಳೆಯ ಊರಿನ ಆಪರೇಟರಿಗೆ ಫೋನು ಮಾಡಿ ಸ್ವಂತ ಐಪಿ ಬೇಕು ಅಂದ. "ಅದು ಆಫೀಸಿನವರಿಗೆ ಸರ್, ಮನೆಗೆ ಎಂತಕ್ಕೆ?" ಅಂತ ಉತ್ತರ. ಕೆಲವು ಕಡೆ ಹೆಚ್ಚುವರಿ ದುಡ್ಡಿಗೆ ಕೊಡುತ್ತಾರೆ, ಕೇಳಿ ನೋಡಿ. ಐಪಿವಿ6 ಇದ್ದರೆ ವಠಾರದ ಗೋಳೇ ಇಲ್ಲ, ಪ್ರತಿ ಯಂತ್ರಕ್ಕೂ ಸ್ವಂತ ನಂಬರು. ಆದರೆ ಎರಡೂ ತುದಿಯಲ್ಲಿ ಅದು ಇರಬೇಕು, ರೂಟರಿನ ಫೈರ್‌ವಾಲಿನಲ್ಲೂ ದಾರಿ ಬಿಡಬೇಕು. ರೂಟರಿನ ಹೊರವಿಳಾಸ 192.168 ಎಂದು ಶುರುವಾದರೆ ಗಾಬರಿ ಬೇಡ. ಬಹುಶಃ ಕಂಪನಿಯ ಡಬ್ಬಿಯ ಹಿಂದೆ ನಿಮ್ಮದೊಂದು ರೂಟರ್ ಇದೆ ಅಷ್ಟೇ, ಮೊದಲನೆಯದನ್ನು ಬ್ರಿಡ್ಜ್ ಮಾಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಇವನಿಗೆ ಇದ್ಯಾವುದೂ ಕೂಡಿಬರಲಿಲ್ಲ. ಕೆಲಸ ಮಾಡಿದ್ದು ಟೊರೆಂಟಿನದೇ ಒಂದು ಗುಣ. ಬಾಗಿಲಿಲ್ಲದವನೂ ಹೊರಗೆ ಹೋಗಿ ಬೇರೆಯವರ ಬಾಗಿಲು ತಟ್ಟಬಹುದು, ಹಾಗೆ ಕೂಡಿದ ಮೇಲೆ ಮಾಲು ಎರಡೂ ಕಡೆ ಹರಿಯುತ್ತದೆ. ತೊಂದರೆ ಬರುವುದು ಎಲ್ಲರೂ ವಠಾರದವರೇ ಆದಾಗ. ಗೋಡೆಯಲ್ಲಿ ತೂತು ಕೊರೆಯುವ ಉಪಾಯ ಕೆಲವು ಸಾಫ್ಟ್‌ವೇರುಗಳಿಗೆ ಗೊತ್ತು, ಆದರೆ ಅದಕ್ಕೂ ಇಬ್ಬರಿಗೂ ಸಿಗುವ ಮೂರನೆಯವನೊಬ್ಬ ಬೇಕು. ಅಂದರೆ ಉಡುಪಿಯಲ್ಲೇ ಬಾಗಿಲು ಇರಬೇಕೆಂದಿಲ್ಲ, ಮೂವರಲ್ಲಿ ಒಬ್ಬನಿಗಿದ್ದರೆ ಸಾಕು! ಪುಣೆಯ ಅಣ್ಣನಿಗೆ ಅದೇ ಎರಡು ವಿಳಾಸ ಹೋಲಿಸಿ ನೋಡಲು ಹೇಳಿದೆವು. ಎರಡೂ ಒಂದೇ. ಅವರ ರೂಟರಿನಲ್ಲಿ ಪೋರ್ಟ್ ತೆರೆಸಿದ ಐದು ನಿಮಿಷದಲ್ಲಿ ಉಡುಪಿಯ ಸೊನ್ನೆ ಅಲುಗಿತು.

ಸೆಕೆಂಡಿಗೆ 1.2 ಎಂಬಿ ಅಂತ ಬಂದಾಗ, ಹತ್ತು ಎಂಬಿಪಿಎಸ್ ಕೊಡ್ತೇವೆ ಅಂದಿದ್ದರಲ್ಲ ಎಂದು ಮತ್ತೆ ಸಿಟ್ಟಾದ. ಕಂಪನಿ ಎಣಿಸುವುದು ಬಿಟ್, ಟೊರೆಂಟ್ ತೋರಿಸುವುದು ಬೈಟ್. ಎಂಟರಿಂದ ಭಾಗಿಸಿದರೆ ಲೆಕ್ಕ ಸರಿಯಾಗಿದೆ. ಪೂರ್ತಿ ಬಿಟ್ಟರೆ ಮನೆಯವರ ವಿಡಿಯೋ ಕಾಲ್ ತಡವರಿಸುತ್ತದೆ ಅಂತ ಸೆಕೆಂಡಿಗೆ 1 ಎಂಬಿಗೆ ಮಿತಿ ಹಾಕಿಸಿದೆ. ಆ ವೇಗದಲ್ಲಿ 60 ಜಿಬಿಗೆ ಸುಮಾರು ಹದಿನೇಳು ಗಂಟೆ.

ನಡುವೆ ಎರಡು ಸಲ ಕರೆಂಟು ಹೋಯಿತು. ಈ ಸಲ ಡಿಸ್ಕ್ ತಾನಾಗಿ ಜೋಡಣೆಯಾಯಿತು, ನಿಂತಲ್ಲಿಂದ ಮುಂದುವರಿಯಿತು. ಮುಂಬೈಯವನಿಗೆ ಉಡುಪಿಯಿಂದ ನೇರವಾಗಿ ಬಂದಿದ್ದು ಕಡಿಮೆಯೇ. ಪುಣೆಗೆ ತುಂಡುತುಂಡಾಗಿ ಬಂದದ್ದೇ ಅಲ್ಲಿಂದ ಮುಂಬೈಗೆ ಹರಿಯುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅಣ್ಣನ ಮೆಸೇಜು: "ಎಂಬತ್ತೇಳನೇ ಕ್ಯಾಸೆಟ್ ಕೇಳು. ನಡುವಿನಲ್ಲಿ ಕೆಮ್ಮುವುದು ಅಪ್ಪನೇ."