ಭೂಶಾಖ ವಿದ್ಯುತ್ತು: ಬಬ್ಬೂರಿನ ನೆಲದಲ್ಲಿ ಲೆಕ್ಕ ಹೊಂದುವುದೇ?

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಭೂಶಾಖ ಇಂಧನ ನೀತಿಯನ್ನು ಪ್ರಕಟಿಸಿದ ತರುವಾಯ, ಭೂಗರ್ಭದ ಶಾಖದಿಂದ ವಿದ್ಯುತ್ತು ಪಡೆಯುವ ಯೋಜನೆಗಳಲ್ಲಿ ಹಣ ತೊಡಗಿಸಬಹುದೇ ಎಂದು ಹಿರಿಯೂರು, ಬಬ್ಬೂರು ಕಡೆಯ ಉದ್ಯಮಿ ಮಿತ್ರರು ವಿಚಾರಿಸುತ್ತಿದ್ದಾರೆ. ಹಗಲಿರುಳೆನ್ನದೆ, ಗಾಳಿ ಬಿಸಿಲುಗಳ ಹಂಗಿಲ್ಲದೆ ದೊರೆಯುವ ಶಕ್ತಿಯೆಂಬುದು ಇದರ ಆಕರ್ಷಣೆ. ಐಸ್‌ಲ್ಯಾಂಡ್, ಕೀನ್ಯಾ ದೇಶಗಳಲ್ಲಿ ಇದು ಸಿದ್ಧಿಸಿದೆ. ಅಲ್ಲಿ ಬಿಸಿ ಬಂಡೆ ನೆಲಕ್ಕೆ ಸಮೀಪದಲ್ಲಿದೆ.

ನಮ್ಮ ನೆಲದ ಪರಿಸ್ಥಿತಿ ಬೇರೆ. ಚಿತ್ರದುರ್ಗ ಸೀಮೆಯು 250 ಕೋಟಿ ವರ್ಷಗಳಿಗೂ ಹಳೆಯದಾದ, ತಣಿದ ಶಿಲಾಸ್ತರದ ಮೇಲಿದೆ. ಇಂತಹ ಶಿಲೆಯ ಆಳದ ಉಷ್ಣತೆಯನ್ನು ಅರಿಯಲು ದೂರ ಹೋಗಬೇಕಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ. ಅಲ್ಲಿ ಸುಮಾರು ಮೂರು ಕಿಲೋಮೀಟರ್ ಆಳದಲ್ಲಿಯೂ ಬಂಡೆಯ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿತ್ತು. ಕಾರ್ಮಿಕನಿಗೆ ಅದು ಕುಲುಮೆ. ವಿದ್ಯುತ್ ಸ್ಥಾವರಕ್ಕೆ ಸಾಲದು. ವಾಣಿಜ್ಯ ಮಟ್ಟದ ಉತ್ಪಾದನೆಗೆ ಸಾಮಾನ್ಯವಾಗಿ 100 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥದ ಬಿಸಿನೀರ ಬುಗ್ಗೆಯೂ ಸ್ನಾನಕ್ಕೆ ಹಿತವಾದೀತೇ ಹೊರತು ಟರ್ಬೈನನ್ನು ತಿರುಗಿಸದು.

ಲಡಾಖಿನ ಪೂಗಾ ಕಣಿವೆಯಂತಹ ಅನುಕೂಲ ಸ್ಥಳದಲ್ಲಿಯೇ 2021ರಲ್ಲಿ ಓಎನ್‌ಜಿಸಿ ಒಪ್ಪಂದ ಮಾಡಿಕೊಂಡದ್ದು ಒಂದು ಮೆಗಾವ್ಯಾಟಿನ ಪ್ರಾಯೋಗಿಕ ಘಟಕಕ್ಕೆ. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಸಂಸ್ಥೆಯ ಪ್ರಯೋಗ 20 ಕಿಲೋವ್ಯಾಟಿನದು, ಅಂದರೆ ಹತ್ತು ಅಶ್ವಶಕ್ತಿಯ ಎರಡು ಕೊಳವೆಬಾವಿ ಮೋಟಾರುಗಳಿಗೆ ಸಾಕಾಗುವಷ್ಟು.

ಕೊಳವೆಬಾವಿ ಎಂದಾಗ ನೆನಪಾಗುವುದು: ನೀರು ಬೀಳದ ಬಾವಿಯ ನಷ್ಟ ಏನೆಂದು ಹಿರಿಯೂರು ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಭೂಶಾಖದಲ್ಲಿ ಆ ನಷ್ಟವು ಕಿಲೋಮೀಟರುಗಳ ಲೆಕ್ಕದ್ದು. ಒಂದು ಯೂನಿಟ್ ಉತ್ಪಾದನೆಯಾಗುವ ಮೊದಲೇ ಬಂಡವಾಳದ ದೊಡ್ಡ ಪಾಲು ನೆಲ ಸೇರಿರುತ್ತದೆ. ತೆರಿಗೆಯ ರಿಯಾಯಿತಿ ಈ ನಷ್ಟವನ್ನು ತುಂಬಿಕೊಡುತ್ತದೆಂದು ಭಾವಿಸುವುದು ಅಪಾಯಕರ. ಬಳಕೆಗೆ ಬಾರದ ಆಸ್ತಿಯ ಮೇಲೆ ಸವಕಳಿ ದೊರೆಯುವುದಿಲ್ಲ. ಹೊಸ ಉದ್ಯಮಕ್ಕೆಂದು ಕೊರೆದು ಕೈಬಿಟ್ಟ ಬಾವಿಯ ವೆಚ್ಚವನ್ನು ಬಂಡವಾಳ ವೆಚ್ಚವೆಂದು ತೆರಿಗೆ ಅಧಿಕಾರಿಗಳು ತಳ್ಳಿಹಾಕುವ ಸಂಭವವೇ ಹೆಚ್ಚು.

ರಿಯಾಯಿತಿಯೂ ಸ್ಥಿರವಲ್ಲ. ಗಾಳಿಯಂತ್ರಗಳಿಗೆ ಶೇಕಡಾ 80ರಷ್ಟಿದ್ದ ಸವಕಳಿಯನ್ನು 2012ರ ಮಾರ್ಚ್ ನಂತರ ಸ್ಥಾಪಿಸಿದವುಗಳಿಗೆ 15ಕ್ಕೆ ಇಳಿಸಲಾಯಿತು. 2014ರಲ್ಲಿ ಪುನಃ 80 ಆಯಿತು. 2017ರ ಏಪ್ರಿಲ್‌ನಿಂದ 40ಕ್ಕೆ ಮಿತಿಗೊಂಡಿತು. ಅಷ್ಟಾದರೂ ಜೋಗಿಮಟ್ಟಿಯ ಗಾಳಿಯಂತ್ರಗಳು ತಿರುಗುತ್ತಲೇ ಉಳಿದದ್ದು ಅಲ್ಲಿ ಗಾಳಿ ಇರುವುದರಿಂದ, ಸವಕಳಿಯಿಂದಲ್ಲ.

ಆದುದರಿಂದ ಭೂಶಾಖದ ಪ್ರಸ್ತಾವವನ್ನು ಹಿಡಿದು ಬಂದವರಲ್ಲಿ ಮೊದಲು ಕೇಳಬೇಕಾದದ್ದು, ಇಲ್ಲಿ ಕೊರೆದು ಅಳೆದ ಉಷ್ಣತೆ ಎಷ್ಟು, ಯಾವ ಆಳದಲ್ಲಿ ಎಂಬುದು. ವಿದ್ಯುತ್ ವೆಚ್ಚ ತಗ್ಗಿಸುವುದೇ ಉದ್ದೇಶವಾಗಿದ್ದರೆ, 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು ಅರ್ಹತೆಯ ಮಿತಿಯನ್ನು ಒಂದು ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿವೆ. ಎಣ್ಣೆ ಗಿರಣಿಯಂತಹ ಮಧ್ಯಮ ಘಟಕಗಳೂ ಇದರಿಂದ ನಮ್ಮ ಗುಡ್ಡಗಳ ಗಾಳಿ ವಿದ್ಯುತ್ತನ್ನು ನೇರವಾಗಿ ಕೊಳ್ಳಲು ಸಾಧ್ಯ. ಮಾರುವವರು ಹೇಳುವ ದರಕ್ಕೆ ಸಾಗಣೆ ಶುಲ್ಕ, ಅಡ್ಡ ಸಹಾಯಧನದ ಮೇಲ್ತೆರಿಗೆ ಇತ್ಯಾದಿಗಳನ್ನು ಕೂಡಿಸಿ, ಮೀಟರಿಗೆ ತಲುಪುವ ದರವನ್ನು ಲಿಖಿತವಾಗಿ ಪಡೆದು, ಬೆಸ್ಕಾಂ ಬಿಲ್ಲಿನ ಪಕ್ಕದಲ್ಲಿಟ್ಟು ನೋಡತಕ್ಕದ್ದು.